ಅಂಗಳದಲ್ಲಿ ನಿಂತ ಜೋಡಿ ದೋಣಿ

ತನ್ನ ಊರಿನಲ್ಲಿ ಯಾವುದು ಇಲ್ಲವೋ ಅದರ ಮೇಲೆಯೇ ಮನುಷ್ಯನ ಜೀವ ಯಾಕೆ ಹೋಗುತ್ತದೆ ಎನ್ನುವುದು ಇಷ್ಟು ವಯಸ್ಸಾದರೂ ನನಗೆ ಬಗೆಹರಿದಿಲ್ಲ. ಸೋಲಾಪುರದಲ್ಲಿ ಏನು ಕಡಿಮೆಯಿದೆ ಹೇಳಿ. ಚಾದರ ಇದೆ, ಟಾವೆಲ್ ಇದೆ, ಹೊತ್ತು ಹೊತ್ತಿಗೆ ಕೂಗಿ ಊರನ್ನೆಲ್ಲ ಎಬ್ಬಿಸುವ ಗಿರಣಿಯ ಭೋಂಗಾ ಇದೆ, ಕಾಶಿಗೆ ಹೋಗಿಬಂದರೂ ಕೆಡದ ಕಡಕ್ ರೊಟ್ಟಿ ಇದೆ, ಊರದೇವರು ಸಿದ್ಧರಾಮನ ಕೃಪೆ ಇದೆ, ನನಗಿಟ್ಟದ್ದೂ ಅವನ ಹೆಸರೇ. ಬಿಸಿಲಂತೂ ಬೇಕಾದವರಿಗೆ ಗಂಟು ಕಟ್ಟಿ ಕೊಡುವಷ್ಟಿದೆ. ಇಲ್ಲದ್ದು ನೀರೊಂದೇ. ನಾನು ಮಂಗಳವಾರ ಪೇಟೆಯಲ್ಲಿ ನೂಲಿನ ವ್ಯಾಪಾರ ಮಾಡುವವನು. ನಮ್ಮ ಮನೆತನದಲ್ಲಿ ಯಾರಿಗೂ ಈಜು ಬಾರದು, ಬರಬೇಕಾದ ಪ್ರಸಂಗವೂ ಬಂದಿರಲಿಲ್ಲ. ಸಮುದ್ರವನ್ನು ಮುಂಬಯಿಯಲ್ಲಿ ಒಮ್ಮೆ ನೋಡಿದ್ದೇನೆ. ಅದೂ ಹೊಸ ಚಪ್ಪಲಿ ತೊಯ್ದೀತೆಂದು ದೂರದಿಂದ. ಇಂಥವನು ಎಪ್ಪತ್ತೆರಡರ ಬರಗಾಲದಲ್ಲಿ, ಊರಿಗೆ ಊರೇ ಕೊಡ ಹಿಡಿದು ನಳದ ಮುಂದೆ ನಿಂತಿದ್ದಾಗ, ಒಂದು ಹಾಯಿದೋಣಿ ಕೊಂಡೆ. ಅದೂ ಬರಿಯ ದೋಣಿಯಲ್ಲ. ಎರಡು ಸಪೂರ ದೋಣಿಗಳನ್ನು ಪಕ್ಕಪಕ್ಕ ಇಟ್ಟು ನಡುವೆ ತೊಲೆ ಹಾಕಿ ಬಿಗಿದ ಜೋಡಿ ದೋಣಿ, ಕ್ಯಾಟಮರಾನ್ ಅನ್ನುತ್ತಾರಂತೆ. ನನ್ನ ತಲೆ ಕೆಟ್ಟಿತ್ತೆಂದು ನೀವು ಅಂದುಕೊಂಡರೆ ಅದರಲ್ಲಿ ಹೊಸದೇನೂ ಇಲ್ಲ, ಪೇಟೆಯವರೆಲ್ಲ ಆಗಲೇ ಅಂದು ಮುಗಿಸಿದ್ದಾರೆ.

ಕಾರಣ ಹೇಳಿಬಿಡುತ್ತೇನೆ, ಆಮೇಲೆ ನಗುವವರು ನಗಬಹುದು. ನನ್ನ ಹೆಂಡತಿ ಮಹಾನಂದಾ ಕೃಷ್ಣೆಯ ದಂಡೆಯ ಹೆಣ್ಣುಮಗಳು. ತವರುಮನೆಯ ಹಿತ್ತಲ ಬಾಗಿಲು ತೆಗೆದರೆ ಹೊಳೆ. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಹೆಗಲ ಮೇಲೆ ಸೀರೆ ಹಾಕಿಕೊಂಡು ಬಂದು, "ಇಲ್ಲಿ ಹೊಳಿ ಯಾ ಕಡಿಗೆ ಅದರಿ?" ಎಂದು ಕೇಳಿದಳು. ನಾನು ನಳ ತೋರಿಸಿದೆ. ಚೇಷ್ಟೆ ಮಾಡುತ್ತಿದ್ದೇನೆಂದುಕೊಂಡು ಅವಳು ನಕ್ಕಳು. ನಾನು ನಗಲಿಲ್ಲವೆಂಬುದನ್ನು ನೋಡಿ ಸುಮ್ಮನಾದಳು. ಆವತ್ತು ಸುಮ್ಮನಾದವಳು ಬಹಳ ದಿನ ಸುಮ್ಮನೇ ಇದ್ದಳು. ಮನೆಗೆಲಸದಲ್ಲಿ ಹೆಸರಿಡುವ ಹಾಗಿಲ್ಲ, ನಮ್ಮ ಅವ್ವನ ಜೊತೆ ಜಗಳವಿಲ್ಲ, ನನಗೆ ಹೊತ್ತಿಗೆ ಸರಿಯಾಗಿ ರೊಟ್ಟಿ. ಆದರೆ ನಸುಕಿನಲ್ಲಿ ನಳ ಬಂದಾಗ, ಕೊಡ ಇಡುವ ಮುಂಚೆ, ಅವಳು ಅಂಗೈಯನ್ನು ಒಂದಿಷ್ಟು ಹೊತ್ತು ನೀರಿನ ಕೆಳಗೆ ಹಿಡಿದುಕೊಂಡು ನಿಲ್ಲುತ್ತಿದ್ದಳು, ಹಿಂದಿನ ಹೆಂಗಸರು ಒದರುವವರೆಗೂ. ಇವಳನ್ನು ಒಮ್ಮೆ, ಒಂದೇ ಒಂದು ಸಲ, ನಾಲ್ಕೂ ಕಡೆ ನೀರಿರುವ ಜಾಗದಲ್ಲಿ ಕೂಡಿಸಿ, ಪಕ್ಕದಲ್ಲಿ ನಾನು ಕೂತುಕೊಳ್ಳಬೇಕು ಎನ್ನುವುದೇ ನನ್ನ ಹುಚ್ಚು. ಪಕ್ಕದಲ್ಲಿ ನಾನು ಎನ್ನುವುದನ್ನು ಮರೆಯಬೇಡಿ, ಮುಖ್ಯವಾದದ್ದು ಅದೇ.

ದೋಣಿ ಸಿಕ್ಕ ಕಥೆ ಚಿಕ್ಕದು. ಊರಿನ ಒಂದು ಗಿರಣಿಗೆ ಯಂತ್ರ ಕೂಡಿಸಲು ಪರದೇಶದ ಇಂಜಿನಿಯರನೊಬ್ಬ ಬಂದಿದ್ದ. ರಜೆಯ ದಿನ ಹಿಪ್ಪರಗಾ ಕೆರೆಯಲ್ಲಿ ಹಾಯಿ ಬಿಟ್ಟುಕೊಂಡು ತೇಲುತ್ತಿದ್ದ. ತುಳಜಾಪುರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನಾನು ಒಮ್ಮೆ ನೋಡಿದ್ದೆ. ಬಿಳಿ ಹಾಯಿ, ನಡುವಿನ ಕಂಬ ಊಟವಾದ ಮೇಲೆ ಆರಾಮ ಕುರ್ಚಿಯಲ್ಲಿ ಕೂತ ಗೃಹಸ್ಥನ ಹಾಗೆ ಸ್ವಲ್ಪ ಹಿಂದಕ್ಕೆ ಒರಗಿತ್ತು. ಪಕ್ಕದಲ್ಲಿ ಅವನ ಹೆಂಡತಿ ಕಾಲನ್ನು ನೀರಿಗೆ ಇಳಿಬಿಟ್ಟುಕೊಂಡು ಕೂತಿದ್ದಳು. ಅಷ್ಟೇ, ಬಸ್ಸು ಮುಂದೆ ಹೋಯಿತು. ಅವನು ತನ್ನ ದೇಶಕ್ಕೆ ಹೋದ ಮೇಲೆ ದೋಣಿ ಗಿರಣಿಯ ಗೋದಾಮಿನಲ್ಲಿ ಬಿದ್ದಿತು. ನಾನು ನೂಲು ಸುತ್ತುವ ಹಳೆಯ ಬಾಬಿನ್ನುಗಳ ಹರಾಜಿಗೆ ಹೋದವನು ಬಾಬಿನ್ನು ಬಿಟ್ಟು ಅದನ್ನು ಹೇರಿಸಿಕೊಂಡು ಬಂದೆ.

ನಮ್ಮ ಅಂಗಳದಲ್ಲಿ ಎತ್ತಿನ ಗಾಡಿಯಿಂದ ದೋಣಿ ಇಳಿದಾಗ ನಳದ ಸಾಲು ಚದುರಿ ಎಲ್ಲರೂ ಇತ್ತ ಬಂದರು. ನೀರಿನ ಸಾಲು ಬಿಟ್ಟು ಜನ ಬರಬೇಕಾದರೆ ಅದೆಂಥ ನೋಟವಿರಬೇಕು ನೀವೇ ಊಹಿಸಿ. ಎದುರುಮನೆಯ ಮರಾಠಿ ಮಾಸ್ತರರು ಕನ್ನಡಕ ಒರೆಸಿಕೊಂಡು ಬಹಳ ಮೆಲ್ಲಗೆ, "ಶೇಠ, ಪಾಣೀ ಕುಠೆ ಆಹೆ?" ಎಂದರು. ನೀರೆಲ್ಲಿದೆ ಎಂದು ಅವರ ಪ್ರಶ್ನೆ, ನಾನು ಮುಗಿಲ ಕಡೆ ಕೈ ತೋರಿಸಿದೆ. ಅವ್ವ ಪಡಸಾಲೆಯಿಂದಲೇ, "ಕುಡಿಯಾಕ ತಂಬಿಗಿ ನೀರಿಲ್ಲ, ಮಗ ಜಹಾಜ ತಂದಾನ. ನಮ್ಮ ಮನಿತನ ಉದ್ಧಾರ ಆತು" ಎಂದಳು. ಮಹಾನಂದಾ ಮಾತ್ರ ಬಂದು ದೋಣಿಯ ಮೈ ಮೇಲೆ ಕೈಯಾಡಿಸಿದಳು, ಅಂಗೈಗೆ ಹತ್ತಿದ ಧೂಳನ್ನು ಸೆರಗಿನಿಂದ ಒರೆಸಿಕೊಂಡು ಒಳಗೆ ಹೋದಳು. ಕೆಲ ಹೊತ್ತಿಗೆ ಒದ್ದೆ ಅರಿವೆ ತಂದು ದೋಣಿಯನ್ನು ಒರೆಸತೊಡಗಿದಳು. ಆ ಬರಗಾಲದಲ್ಲಿ ಅಷ್ಟು ನೀರು ಅವಳು ನನ್ನ ಸ್ನಾನದ ಪಾಲಿನಿಂದ ತೆಗೆದಿದ್ದಳೆಂದು ಮರುದಿನ ತಿಳಿಯಿತು.

ಇನ್ನು ಅದನ್ನು ಜೋಡಿಸಬೇಕಲ್ಲ. ಎರಡು ದೋಣಿ, ನಡುವೆ ಹೊರಸಿನ ಹಾಗೆ ಬಿಗಿಯುವ ಕ್ಯಾನ್ವಾಸು, ಮಾಳಿಗೆ ಮೀರುವ ಕಂಬ, ಅದನ್ನು ಎಡಕ್ಕೆ ಬಲಕ್ಕೆ ಮುಂದಕ್ಕೆ ಎಳೆದು ನಿಲ್ಲಿಸುವ ಮೂರು ಉಕ್ಕಿನ ತಂತಿ, ತಂತಿಯ ತುದಿಗೆ ತಿರುವಿ ಬಿಗಿ ಮಾಡುವ ಸ್ಕ್ರೂ, ಹಿಂದೆ ಎರಡು ಚುಕ್ಕಾಣಿ. ಎಲ್ಲವೂ ಒಂದು ಗೋಣಿಚೀಲದಲ್ಲಿ ಸಿಕ್ಕುಬಿದ್ದು ಬಂದಿತ್ತು. ಯಾವುದು ಎಲ್ಲಿಗೆ ಎಂದು ಹೇಳಬಲ್ಲ ಮನುಷ್ಯ ಸಪ್ತಸಮುದ್ರದಾಚೆ. ನನ್ನ ಹತ್ತಿರ ಇದ್ದದ್ದು ಬಸ್ಸಿನ ಕಿಟಕಿಯ ನೆನಪೊಂದೇ. ಹಾಗಾಗಿ ನನ್ನ ಬಾಲ್ಯಮಿತ್ರ ಇರಣ್ಣನನ್ನು ಕರೆದೆ. ಇರಣ್ಣನದು ನೂಲಿಗೆ ಬಣ್ಣ ಹಾಕುವ ಕಾರಖಾನೆ, ಆದರೆ ಊರು ಅವನನ್ನು ಗುರುತಿಸುವುದು ಬೇರೆ ಕಾರಣಕ್ಕೆ. ಸಂಕ್ರಾಂತಿಯಲ್ಲಿ ನಮ್ಮ ಸಿದ್ಧರಾಮನ ನಂದಿಕೋಲು ಹೊರುವವರಲ್ಲಿ ಅವನೊಬ್ಬ. ಮಾಳಿಗೆಯೆತ್ತರದ ಕೋಲನ್ನು ನಡುವಿಗೆ ಊರಿಕೊಂಡು ನೆಟ್ಟಗೆ ನಡೆಯಬೇಕು. ಅದು ಒಂದು ಕಡೆ ವಾಲಿತೋ, ಜೀವ ಹೋದರೂ ಬಿಡಬಾರದು, ಎದೆಗೆ ಎಳೆದು ನೆಟ್ಟಗೆ ಮಾಡಬೇಕು. ಕಂಬ ನಿಲ್ಲಿಸಲು ಇವನಿಗಿಂತ ಯೋಗ್ಯ ಮನುಷ್ಯ ಯಾರು? ಜೊತೆಗೆ ನನ್ನಿಂದ ನೂಲು ಒಯ್ಯುವ ನೇಕಾರ ನರಸಯ್ಯನನ್ನೂ ಕರೆದೆ. ದಾರ ಬಿಗಿಯುವುದು ಅವನ ಹುಟ್ಟು ವಿದ್ಯೆ.

ಇಬ್ಬರೂ ನನ್ನನ್ನು ದೂರ ನಿಲ್ಲಿಸಿ ಕೆಲಸ ಹಿಡಿದರು. ಕಂಬ ಎದ್ದಿತು. ನಾನು ಹೇಳಿದೆ, ಸ್ವಲ್ಪ ಹಿಂದಕ್ಕೆ ಒರಗಬೇಕು. ಇರಣ್ಣನಿಗೆ ಮೈಯೆಲ್ಲ ಉರಿಯಿತು. "ಸಿದ್ರಾಮಾ, ಕೋಲು ಅಂದ್ರ ನೆಟ್ಟಗ ನಿಂದ್ರಬೇಕು. ಹಿಂದ ಬಾಗಿದ್ದಕ್ಕ ಕೋಲು ಅನ್ನಂಗಿಲ್ಲ, ಕುಡುಕ ಅಂತಾರ."

"ಆ ಇಂಜಿನಿಯರಂದು ಬಾಗಿತ್ತಪಾ. ನಾ ಕಣ್ಣಾರೆ ನೋಡೀನಿ."

"ಅಂವಗ ಕೋಲು ಹೊರೂದು ಯಾರು ಕಲಿಸಿದ್ದರು?" ಎಂದು ಇರಣ್ಣ ಗೌಂಡಿಗಳು ಗೋಡೆಗೆ ಹಿಡಿಯುವ ಓಳಂಬದ ದಾರ ಇಳಿಬಿಟ್ಟು ಕಂಬವನ್ನು ದೀಪದ ಕಂಬಕ್ಕಿಂತ ನೆಟ್ಟಗೆ ಮಾಡಿದ. ನರಸಯ್ಯ ತಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ಕಿವಿಗೊಟ್ಟು ಕೇಳಿ ತಲೆಯಾಡಿಸಿದ. "ಎಡಗಡಿದು ಟಿಣ್ ಅಂತದ, ಬಲಗಡಿದು ದಬ್ ಅಂತದ. ಹಿಂಗಾದ್ರ ಕಾಪಡ ಸೊಟ್ಟ ಬರ್ತದ್ರಿ ಸಾವಕಾರ್ರ."

"ಇದರಾಗ ಕಾಪಡ ನೇಯೂದಿಲ್ಲೋ ಮಾರಾಯಾ."

"ಏನರ ನೇಯ್ರಿ, ಬಿಡ್ರಿ. ಬಿಗಿ ಸರಿ ಇರಬೇಕು" ಎಂದು ಅವನು ಎಡ ಬಿಗಿದ, ಬಲ ಬಿಗಿದ, ಮತ್ತೆ ಎಡ ಬಿಗಿದ. ತೊಲೆ ನರಳತೊಡಗಿತು. ಎರಡೂ ದೋಣಿಗಳ ಮೂತಿ ಒಂದನ್ನೊಂದು ಮುದ್ದಿಡಲು ಹೊರಟಂತೆ ಒಳಕ್ಕೆ ಬಂದವು. ಕೊನೆಗೆ ಎರಡೂ ತಂತಿ ಟಿಣ್ ಎಂದಾಗ ನರಸಯ್ಯನ ಮುಖದಲ್ಲಿ ಕಂಡ ತೃಪ್ತಿಯನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಹಾಯಿಯ ವಿಷಯದಲ್ಲಿ ಮಾತ್ರ ಅವರನ್ನು ಅನ್ನುವ ಹಾಗಿಲ್ಲ, ಆ ಶಾಣ್ಯಾತನ ನನ್ನದೇ. ಮೂಲ ಹಾಯಿಯನ್ನು ಗೋದಾಮಿನ ಇಲಿಗಳು ತಿಂದಿದ್ದವು. ಮುಂಬಯಿಯಿಂದ ಹಗುರ ಬಟ್ಟೆ ತರಿಸಬಹುದು ಎಂದು ಯಾರೋ ಹೇಳಿದರು. ಸೋಲಾಪುರದವನು ಬಟ್ಟೆಗಾಗಿ ಮುಂಬಯಿಗೆ ಹೋಗುವುದೆಂದರೆ ನಾಳೆ ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ. ನಮ್ಮದೇ ನೂಲು, ನರಸಯ್ಯನದೇ ಮಗ್ಗ. ಗಟ್ಟಿ ಇರಲಿ ಎಂದೆ. ಅವನು ಚಾದರದ ನೂಲಿನಲ್ಲೇ ನೇಯ್ದ, ಕೆಂಪು ಅಂಚು ಹಾಕಿದ. ಹಾಯಿಗೆ ಅಂಚು ಯಾಕೆಂದರೆ, "ಅಂಚಿಲ್ಲದ್ದು ಕಾಪಡನ ಅಲ್ರಿ" ಎಂದ. ಮೂಲೆಯಲ್ಲಿ ಒಂದು ನವಿಲನ್ನೂ ಕೂಡಿಸಿದ್ದ. ಅದು ಅಭ್ಯಾಸಬಲದಿಂದ ಬಂದದ್ದು, ಕೈ ತಡೆಯಲಿಲ್ಲವಂತೆ. ಆ ಹಾಯಿಯನ್ನು ಹೊದ್ದುಕೊಂಡು ನಮ್ಮ ಮನೆಯವರೆಲ್ಲ ಮಾಘದ ಚಳಿ ಕಳೆಯಬಹುದಿತ್ತು.

ದೋಣಿ ಸಜ್ಜಾಯಿತು, ಮಳೆ ಬರಲಿಲ್ಲ. ಹಿಪ್ಪರಗಾ ಕೆರೆ ಒಣಗಿ ಬಿರುಕು ಬಿಟ್ಟಿತ್ತು. ದೋಣಿ ನಮ್ಮ ಅಂಗಳದಲ್ಲೇ ನಿಂತಿತು. ಈಗ ನಾನು ಹೇಳುವುದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಒಂದು ದಿನ ಅಂಗಡಿಯಿಂದ ಬಂದಾಗ ಮಹಾನಂದಾ ಮೊರ ಹಿಡಿದು ದೋಣಿಯ ಕ್ಯಾನ್ವಾಸಿನ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದಳು. "ಹೊರಸಿಗಿಂತ ಮೆತ್ತಗದರಿ ಇದು" ಎಂದಳು. ನಾನೂ ಪಕ್ಕದಲ್ಲಿ ಕೂತೆ. ಗಾಳಿ ಬಂತು. "ಹಾಯಿ ಎತ್ರಿ, ನೋಡೂಣು" ಎಂದಳು. ಎತ್ತಿದೆ. ದಪ್ಪ ಬಟ್ಟೆ ಒಮ್ಮೆ ಪಟಾರ್ ಎಂದು ಹೊಟ್ಟೆ ಉಬ್ಬಿಸಿಕೊಂಡಿತು. ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಮಾತಾಡತೊಡಗಿದಳು. ನೀರೆಲ್ಲ ಚಹದ ಬಣ್ಣಕ್ಕೆ ತಿರುಗುವ ಶ್ರಾವಣದ ಹೊಳೆ, ಎಮ್ಮೆಯ ಬಾಲ ಹಿಡಿದು ದಾಟಿದ್ದು, ತಾನೂ ತನ್ನ ತಂಗಿಯೂ ನಡುಹೊಳೆಯ ಬಂಡೆಯವರೆಗೆ ಈಜಿ ಹೋಗಿ ಕದ್ದ ಸೌತೆಕಾಯಿ ತಿಂದದ್ದು. ಈಜಿದ್ದನ್ನು ನಾನು ತವರುಮನೆಯ ಬಡಾಯಿ ಎಂದು ಪಕ್ಕಕ್ಕಿಟ್ಟೆ. ಯಾವ ಹೆಂಡತಿಯ ತವರಿನಲ್ಲಿ ಹಾಲಿನ ಹೊಳೆ ಹರಿಯಲಿಲ್ಲ. ಆದರೆ ಅಷ್ಟು ವರ್ಷದ ಸಂಸಾರದಲ್ಲಿ ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಸಂಜೆಯೆಂದರೆ ದೋಣಿ. ನಾನು ಅಂಗಡಿಯ ಬಾಗಿಲನ್ನು ಬೇಗ ಹಾಕತೊಡಗಿದೆ. ಚುಕ್ಕಾಣಿ ಹಿಡಿದು ಕೂತು, "ಈಗ ಎಲ್ಲಿ ಬಂದೀವಿ?" ಎಂದು ಕೇಳುವವನು ನಾನು.

"ಚಿಕ್ಕಪಡಸಲಗಿ ದಾಟಿದ್ವಿ. ಒಂಚೂರು ಎಡಕ್ಕ ತಗೋರಿ, ಮುಂದ ಸುಳಿ ಅದ."

ಮಂಗಳವಾರ ಪೇಟೆಯ ಒಣನೆಲದಲ್ಲಿ ನಾನು ಸುಳಿ ತಪ್ಪಿಸಲು ಎಡಕ್ಕೆ ತಿರುಗಿಸುತ್ತಿದ್ದೆ. ಅವ್ವ ಒಳಗಿನಿಂದ, "ಎಲ್ಲಿಗರ ಹೋಗ್ರಿ, ಊಟದ ಹೊತ್ತಿಗೆ ಬರ್ರಿ" ಎನ್ನುತ್ತಿದ್ದಳು. ಊರಿನ ಜನ ಮುಗಿಲು ನೋಡುತ್ತಿದ್ದರು. ನಾನು ಅವಳ ಮುಖ ನೋಡುತ್ತಿದ್ದೆ. "ನೀರ ಮ್ಯಾಲ ಒಮ್ಮಿ ಕುಂಡ್ರಸ್ರಿ, ಸಾಕು" ಎಂದು ಒಂದು ಸಂಜೆ ಅವಳೇ ಬಾಯಿಬಿಟ್ಟು ಕೇಳಿದಳು. ಕುಂಡ್ರಸ್ತೀನಿ ಎಂದು ಮಾತು ಕೊಟ್ಟೆ.

ಮರುವರ್ಷ ಮಳೆ ಬಂತು. ಪೇಟೆಯ ಜನ ಅಂಗಿ ತೊಯ್ಸಿಕೊಂಡು ರಸ್ತೆಯಲ್ಲಿ ನಿಂತು ನಕ್ಕರು. ಇಡೀ ಸೋಲಾಪುರದಲ್ಲಿ ಮೊದಲ ಹನಿ ಬಿದ್ದಾಗ ಎದೆ ಧಸಕ್ ಎಂದದ್ದು ನನಗೊಬ್ಬನಿಗೇ ಇರಬೇಕು. ಯಾಕೆಂದು ಆಗ ತಿಳಿಯಲಿಲ್ಲ. ಅಕ್ಕಲಕೋಟೆಯ ಹತ್ತಿರ ಕುರನೂರ ಧರಣ, ಅಂದರೆ ಅಣೆಕಟ್ಟು, ತುಂಬಿತೆಂದು ಹನ್ನೂರಿನ ನಮ್ಮ ಕಾಕಾ ಹೇಳಿಕಳಿಸಿದರು. ಹಿಪ್ಪರಗಾ ಹತ್ತಿರವಿತ್ತು, ಆದರೆ ಅಲ್ಲಿ ಪೇಟೆಯೆಲ್ಲ ನೋಡಲು ಬರುತ್ತಿತ್ತು. ಅವ್ವನಿಗೆ ಅಕ್ಕಲಕೋಟೆಗೆ ಸ್ವಾಮಿ ದರ್ಶನಕ್ಕೆ ಹೊರಟಿದ್ದೇವೆಂದು ಹೇಳಿದೆವು. "ದರ್ಶನಕ್ಕ ಟ್ರಕ್ಕ ಯಾಕ?" ಎಂದು ಕೇಳಿದಳು, ಉತ್ತರಕ್ಕೆ ಕಾಯಲಿಲ್ಲ. ದರ್ಶನವನ್ನೂ ಮಾಡಿದೆವು, ಸುಳ್ಳು ಪೂರ್ತಿ ಸುಳ್ಳಾಗಬಾರದಲ್ಲ.

ಧರಣದ ದಂಡೆಯಲ್ಲಿ ಇರಣ್ಣ ತೆಂಗಿನಕಾಯಿ ಒಡೆದ, ಕಂಬಕ್ಕೆ ಲಿಂಬೆಹಣ್ಣು ಕಟ್ಟಿದ. ನರಸಯ್ಯ ತಂತಿಗಳನ್ನು ಕಡೆಯ ಸಲ ಮೀಟಿ ಟಿಣ್ ಅನ್ನಿಸಿ ಹಿಂದೆ ಸರಿದ. ಮಹಾನಂದಾ ಆವತ್ತು ಅಬ್ಬಲಿಗೆ ಮುಡಿದಿದ್ದಳು. ಒಂದು ಕಾಲನ್ನು ಕ್ಯಾನ್ವಾಸಿನ ಮೇಲೆ ಇಟ್ಟಿದ್ದಳು, ಇನ್ನೊಂದು ಕಾಲು ನೀರಿನಲ್ಲಿತ್ತು. ಆಗ ಇರಣ್ಣ ಅವಳ ಕಡೆ ತಿರುಗಿ, "ವೈನಿ, ಮೊದಲ ನಾವಿಬ್ರೂ ಒಂದ ಸುತ್ತ ಹಾಕಿ ಬರ್ತೀವಿ. ಕೋಲಿನ ಜವಾಬ್ದಾರಿ ನಂದು" ಎಂದ. ಬ್ಯಾಡಪಾ, ಅವಳೇ ಮೊದಲು ಎಂದು ನಾನು ಅನ್ನಬೇಕಾಗಿತ್ತು. ನಾನು ಅವಳ ಕಡೆ ನೋಡಿದೆ, ಅವಳು "ಆತ್ರಿ" ಎಂದು ಕಾಲು ತೆಗೆದಳು.

ಸ್ವಲ್ಪ ಹೊತ್ತು ಎಲ್ಲ ಚೆಂದವಿತ್ತು. ದೋಣಿ ಮುಂದೆ ಹೋಯಿತು, ನವಿಲು ಹಾರಿತು, ದಂಡೆಯಲ್ಲಿ ನರಸಯ್ಯ ಅಂಚಿನ ಕಡೆ ಕೈ ಮಾಡಿ ಏನೋ ಹೊಗಳಿಕೊಂಡ. ಚುಕ್ಕಾಣಿ ನನ್ನ ಕೈಯಲ್ಲಿ, ಹಾಯಿಯ ಹಗ್ಗ ಇರಣ್ಣನ ಕೈಯಲ್ಲಿ. ಆಗ ಗುಡ್ಡದ ಕಡೆಯಿಂದ ಗಾಳಿ ಬಿತ್ತು. ಎಡಗಡೆಯ ದೋಣಿ ನೀರು ಬಿಟ್ಟು ಮೇಲೆದ್ದಿತು. ದಂಡೆಯಿಂದ ಮಹಾನಂದಾ, "ಹಗ್ಗ ಬಿಡ್ರಿ, ಹಗ್ಗ ಬಿಡ್ರಿ" ಎಂದು ಕೂಗುವುದು ಕೇಳಿಸಿತು. ಹಗ್ಗ ಬಿಟ್ಟರೆ ಹಾಯಿಯಿಂದ ಗಾಳಿ ಸೋರಿ ದೋಣಿ ಕೂರುತ್ತದೆ, ಎಷ್ಟು ಸಣ್ಣ ಮಾತು. ಆದರೆ ಇರಣ್ಣನಿಗೆ ಕಂಡದ್ದು ಒಂದೇ, ಕೋಲು ವಾಲುತ್ತಿದೆ. ಅವನು ಹಗ್ಗವನ್ನು ಎದೆಗೆ ಎಳೆದುಕೊಂಡ.

"ಬಿಡೋ ಇರಣ್ಣಾ."

"ಹೆಂಗ ಬಿಡ್ಲಿ, ಕೋಲು ಬಾಗಾಕತ್ತದ."

ಎಳೆದಷ್ಟೂ ವಾಲಿತು, ವಾಲಿದಷ್ಟೂ ಎಳೆದ. ಯಾವ ಸಂಕ್ರಾಂತಿಯಲ್ಲೂ ಬೀಳದ ಅವನ ಕೋಲು ಆವತ್ತು ಕುರನೂರಿನಲ್ಲಿ ಬಿತ್ತು. ಅದರ ಜೊತೆ ನಾವೂ ಬಿದ್ದೆವು. ಚಾದರದ ಹಾಯಿ ನೀರು ಕುಡಿದು ಎಂಥ ಭಾರವಾಯಿತೆಂದರೆ ದೋಣಿ ಮತ್ತೆ ಏಳುವ ಆಸೆಯನ್ನೇ ಬಿಟ್ಟಿತು. ಇರಣ್ಣ ಕಂಬ ತಬ್ಬಿಕೊಂಡಿದ್ದ. ನಾನು ದೋಣಿಯ ಬೆನ್ನು ಹಿಡಿದುಕೊಂಡು ನೆನಪಿದ್ದ ದೇವರ ಹೆಸರೆಲ್ಲ ಹೇಳಿ, ಮರೆತವರಲ್ಲಿ ಕ್ಷಮೆ ಕೇಳುತ್ತಿದ್ದೆ.

ತಲೆಯೆತ್ತಿ ನೋಡಿದರೆ ಮಹಾನಂದಾ ಬರುತ್ತಿದ್ದಳು. ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಯಾವ ಅವಸರವೂ ಇಲ್ಲದೆ, ಅಡಿಗೆಮನೆಯಿಂದ ಪಡಸಾಲೆಗೆ ಬಂದಷ್ಟು ಸಲೀಸಾಗಿ ಈಜಿಕೊಂಡು ಬರುತ್ತಿದ್ದಳು. ಮೊದಲು ಇರಣ್ಣನಿಗೆ, "ಇರಣ್ಣಾರ, ಆ ಹಗ್ಗ ಈಗರ ಬಿಡ್ರಿ" ಎಂದಳು. ಅವನು ಅದನ್ನು ಇನ್ನೂ ಹಿಡಿದಿದ್ದ. ಆಮೇಲೆ ನನ್ನ ಅಂಗಿಯ ಕಾಲರಿಗೆ ಕೈ ಹಾಕಿ, "ಕಾಲ ಬಡೀಬ್ಯಾಡ್ರಿ. ಸುಮ್ಮ ಮಕ್ಕೋರಿ" ಎಂದಳು. ಮಲಗಿದೆ. ನಾಲ್ಕೂ ಕಡೆ ನೀರು, ಪಕ್ಕದಲ್ಲಿ ಅವಳು. ಅಷ್ಟು ದಿನ ಬೇಡಿಕೊಂಡದ್ದೆಲ್ಲ ಸಿಕ್ಕಿತ್ತು, ಕಣ್ಣು ತೆರೆದು ನೋಡುವ ಧೈರ್ಯ ಮಾತ್ರ ಇರಲಿಲ್ಲ.

ನನ್ನನ್ನು ದಂಡೆಗೆ ಹಾಕಿ, ಹೋಗಿ ಇರಣ್ಣನನ್ನೂ ತಂದಳು. ನಾನು ಕೆಮ್ಮುತ್ತ, ಶೇಂಗಾ ಚಟ್ನಿಯ ಡಬ್ಬಿ ಎಲ್ಲಿದೆ ಎಂದು ಏನೋ ಕೇಳಿದೆ. "ಕುಂತಿರ್ರಿ, ಬಂದೆ" ಎಂದು ಅವಳು ಮತ್ತೆ ನೀರಿಗೆ ಇಳಿದಳು. ದೋಣಿ ತರಲು ಹೋಗುತ್ತಿದ್ದಾಳೆಂದುಕೊಂಡೆ. ಅವಳು ದೋಣಿಯನ್ನು ದಾಟಿಹೋದಳು. ಇನ್ನೂ ಮುಂದೆ ಹೋದಳು. ಮುಡಿದ ಅಬ್ಬಲಿಗೆಯ ಮಾಲೆ ಬಿಚ್ಚಿ ಹಿಂದೆ ತೇಲುತ್ತಿತ್ತು. ನಡುನೀರಿನಲ್ಲಿ ಅಂಗಾತ ಮಲಗಿ ಮುಗಿಲು ನೋಡತೊಡಗಿದಳು. ಕರೆದೆ. ಒಂದು ಕೈ ಎತ್ತಿದಳು, ಅಷ್ಟೇ. ಇರಣ್ಣ ನಡುಗುತ್ತ, "ವೈನಿ ಹೊಳ್ಳಿ ಬರ್ತಾರಲ್ಲೋ?" ಎಂದ. ನನಗೂ ಗೊತ್ತಿರಲಿಲ್ಲ. ನಾನು ಹಂಬಲಿಸಿದ್ದು ಅವಳ ಆ ಮುಖಕ್ಕಾಗಿಯೇ. ಈಗ ಅದು ಅಲ್ಲಿತ್ತು, ಆದರೆ ದಂಡೆಯಿಂದ ಅದು ನನಗೆ ಕಾಣುತ್ತಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಬಂದಳು. ಕಣ್ಣು ಕೆಂಪಾಗಿದ್ದವು, ನೀರಿಗೋ ಬೇರೆ ಯಾತಕ್ಕೋ, ಕೇಳಲಿಲ್ಲ. ಡಬ್ಬಿ ತೆಗೆದು ನಮಗೆಲ್ಲ ಬಡಿಸಿ, ತಾನೂ ಹಸಿದವಳ ಹಾಗೆ ಉಂಡಳು.

ಮರುದಿನ ಕಾಕಾನ ಆಳುಗಳು ದಂಡೆಗೆ ಎಳೆದುಹಾಕಿದ ಆ ದೋಣಿ ಮುಂದೆ ನೀರು ಕಾಣಲಿಲ್ಲ. ಕಂಬ ಇರಣ್ಣನ ಕಾರಖಾನೆಯಲ್ಲಿ ನೂಲು ಒಣಹಾಕುವ ಗಳುವಾಗಿದೆ, ನೆಟ್ಟಗಿದೆ ಎಂದು ಅವನು ಈಗಲೂ ಬಂದವರಿಗೆ ತೋರಿಸುತ್ತಾನೆ. ಹಾಯಿಯನ್ನು ಅವ್ವ ಹೊದ್ದುಕೊಳ್ಳುತ್ತಾಳೆ, ಅವ್ವನ ಮಟ್ಟಿಗೆ ನಾನು ಮಾಡಿದ ಒಳ್ಳೆಯ ಖರೀದಿ ಅದೊಂದೇ. ಎರಡು ದೋಣಿಗಳಲ್ಲಿ ಒಂದು ಹನ್ನೂರಿನಲ್ಲಿ ಕಾಕಾನ ಎತ್ತುಗಳಿಗೆ ಬಾನಿ. ಇನ್ನೊಂದು ನಮ್ಮ ಅಂಗಳದಲ್ಲಿ ಬೋರಲು ಬಿದ್ದಿದೆ. ಮೊನ್ನೆ ಸಂಜೆ ಅದರ ಮೇಲೆ ಕೂತು, "ಬಾ, ಕುಂಡ್ರು. ನಿಮ್ಮ ಹೊಳಿ ಕತಿ ಹೇಳು" ಎಂದು ಕರೆದೆ. ಅವಳು ನಕ್ಕು, "ಈಗ ಕತಿ ಯಾಕ್ರಿ, ಐತವಾರ ಹೋಗ್ತೀವಲ್ಲ" ಎಂದಳು.

ಹೌದು, ಈಗ ಪ್ರತಿ ಭಾನುವಾರ ಹೋಗುತ್ತೇವೆ. ಅಕ್ಕಲಕೋಟೆಯ ಬಸ್ಸು, ದರ್ಶನ, ಆಮೇಲೆ ಧರಣ. ಅವಳು ಕಚ್ಚೆ ಬಿಗಿದು ಇಳಿಯುತ್ತಾಳೆ, ನಾನು ದಂಡೆಯಲ್ಲಿ ಕೂರುತ್ತೇನೆ. ದೂರದಿಂದ ಅವಳ ದನಿ ಬರುತ್ತದೆ, "ಬರ್ರಿ, ಇಲ್ಲಿ ಬರೇ ಮೊಣಕಾಲಮಟ ಅದ." ನಾನು ಧೋತರದ ತುದಿ ಎತ್ತಿಕೊಂಡು ಎದ್ದು ನಿಲ್ಲುತ್ತೇನೆ, ನೀರಿನ ಅಂಚಿನವರೆಗೂ ಹೋಗುತ್ತೇನೆ, ಅಲ್ಲಿಂದ ಕೂಗಿ ಹೇಳುತ್ತೇನೆ, "ಮತ್ತ ಚಪ್ಪಲ್ ಯಾರ್ ಕಾಯಬೇಕು?" ಆ ದಂಡೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಒಂದು ನಾಯಿಯೂ ಇರುವುದಿಲ್ಲ. ಅದು ಅವಳಿಗೂ ಗೊತ್ತಿದೆ. ತಿರುಗಿ ಬಂದು ಕೂತು, ಅವಳ ಚಪ್ಪಲಿಯನ್ನು ನನ್ನ ಚಪ್ಪಲಿಯ ಪಕ್ಕದಲ್ಲಿ ಇಟ್ಟುಕೊಂಡು ಕಾಯುತ್ತೇನೆ.